ಹಿತ್ತಲಿನಲ್ಲಿ ಅಗ್ನಿಶಿಖೆ

ಬಳ್ಳಾರಿಯ ಬಿಸಿಲಿನ ಕೀರ್ತಿ ನಾಡಿನಲ್ಲೆಲ್ಲ ಹಬ್ಬಿರುವುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು. ಕೋಟೆಗುಡ್ಡದ ಬಂಡೆಗಳು ಹಗಲೆಲ್ಲ ಕಾದು, ಇರುಳಿನಲ್ಲಿಯೂ ಕಾವನ್ನು ಹೊರಸೂಸುತ್ತಿರುವುವು. ವರ್ಷದಲ್ಲಿ ಬೀಳುವ ಮಳೆ ಸುಮಾರು 500 ಮಿಲಿಮೀಟರು. ಅದರ ಬಹುಭಾಗವೂ ಜೂನಿನಿಂದ ಅಕ್ಟೋಬರಿನವರೆಗೆ ಬಂದು ಮುಗಿಯುವುದು. ಇಂಥ ಊರಿನಲ್ಲಿ ಹೂವಿನ ಹಂಬಲವುಳ್ಳವರ ಪಾಡು ಸುಲಭವಾದುದಲ್ಲ. ತಂಪು ನಾಡಿನಿಂದ ತಂದು ನೆಟ್ಟ ಗಿಡಗಳು ಸಂಕ್ರಾಂತಿಯವರೆಗೆ ನಳನಳಿಸಿ, ಯುಗಾದಿಯ ವೇಳೆಗೆ ಒಣಕಡ್ಡಿಗಳಾಗಿ ನಿಲ್ಲುವುವು.

ಬ್ರೂಸ್‌ಪೇಟೆಯ ಇಕ್ಕಟ್ಟಾದ ಹಿತ್ತಲೊಂದರಲ್ಲಿ ಇಂಥ ಕಡ್ಡಿಗಳನ್ನು ಕಿತ್ತೆಸೆದು ಬೇಸತ್ತ ಮೇಲೆ ನಮಗೆ ಒಂದು ಯೋಚನೆ ಹೊಳೆಯಿತು. ಈ ಬಿಸಿಲಿಗೆ ಹೆದರುವ ಸಸ್ಯಗಳನ್ನು ಎಲ್ಲಿಂದಲೋ ತರುವುದಕ್ಕಿಂತ, ಈ ಬಿಸಿಲನ್ನೇ ಬಯಸುವ ಕಾಡುಹೂವೊಂದನ್ನು ಮನೆಗೆ ಕರೆಯಬಾರದೇಕೆ? ಅಂಥ ಹೂವು ದೂರವೇನೂ ಇಲ್ಲ. ಸಂಡೂರಿನ ಬೆಟ್ಟಸಾಲುಗಳ ಕುರುಚಲು ಕಾಡಿನಲ್ಲಿಯೂ ಹೊಲಗಳ ಬೇಲಿಯಲ್ಲಿಯೂ ಮಳೆ ಬಿದ್ದೊಡನೆ ತಲೆಯೆತ್ತುವ ಗೌರಿ ಹೂವೇ ಅದು.

ಹೆಸರು ಮತ್ತು ರೂಪ

ಭಾದ್ರಪದ ಮಾಸದ ಗೌರಿ ಹಬ್ಬದ ಸುಮಾರಿಗೆ ಅರಳುವುದರಿಂದ ಇದಕ್ಕೆ ಗೌರಿ ಹೂವೆಂದು ಹೆಸರು. ಅಕ್ಕತಂಗಿ ಹೂವು, ಕೋಳಿಕುಟುಮ, ಶಿವಶಕ್ತಿ ಎಂಬ ಹೆಸರುಗಳೂ ಕನ್ನಡದಲ್ಲಿ ಉಂಟು. ಸಂಸ್ಕೃತದಲ್ಲಿ ಅಗ್ನಿಶಿಖೆ ಮತ್ತು ಲಾಂಗಲಿ. ಸಸ್ಯವಿಜ್ಞಾನಿ ಲಿನೇಯಸನು 1753ರಲ್ಲಿ ಇದಕ್ಕೆ ‘ಗ್ಲೋರಿಯೋಸ ಸುಪರ್ಬ’ ಎಂದು ಹೆಸರಿಟ್ಟನು. ವೈಭವ, ಭವ್ಯತೆ ಎಂಬ ಅರ್ಥಗಳು ಆ ಎರಡು ಪದಗಳಲ್ಲಿ ಅಡಗಿವೆ. ಏಷ್ಯ ಮತ್ತು ಆಫ್ರಿಕ ಖಂಡಗಳೆರಡೂ ಇದರ ತವರು. ನೆರೆಯ ತಮಿಳುನಾಡಿಗೆ ಇದು ರಾಜ್ಯಪುಷ್ಪ. ಆಫ್ರಿಕದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ.

ಈ ಬಳ್ಳಿಯ ಕಾಂಡವು ತಾನಾಗಿ ಯಾವುದನ್ನೂ ಸುತ್ತುವುದಿಲ್ಲ. ಪ್ರತಿಯೊಂದು ಎಲೆಯ ತುದಿಯೂ ನೀಳವಾಗಿ ಚಾಚಿ, ಕೊಕ್ಕೆಯಂತೆ ಸುರುಳಿಗೊಂಡು, ಸಿಕ್ಕ ಆಸರೆಯನ್ನು ಹಿಡಿಯುವುದು. ಹೂವು ತಲೆತಗ್ಗಿಸಿ ನಿಂತರೂ ಅದರ ಆರು ದಳಗಳು ಹಿಮ್ಮುಖವಾಗಿ ಮೇಲಕ್ಕೆ ಬಾಗಿ, ಅಂಚಿನಲ್ಲಿ ಅಲೆಯಲೆಯಾಗಿ ಜ್ವಾಲೆಯನ್ನೇ ಹೋಲುವುವು. ಮೊಗ್ಗು ಹಸುರು, ಅರಳುವಾಗ ಬುಡ ಹಳದಿ, ತುದಿ ಕೆಂಪು, ದಿನ ಕಳೆದಂತೆ ಕೆಂಪು ಕೆಳಗಿಳಿದು ಇಡೀ ಹೂವನ್ನು ಆವರಿಸುವುದು. ಒಂದೇ ಬಳ್ಳಿಯಲ್ಲಿ ಈ ಬಣ್ಣಗಳೆಲ್ಲವನ್ನೂ ಏಕಕಾಲದಲ್ಲಿ ಕಾಣಬಹುದು.

ಮೊದಲು ಎಚ್ಚರಿಕೆಯ ಮಾತು

ಗೆಡ್ಡೆಯನ್ನು ಕೈಗೆತ್ತಿಕೊಳ್ಳುವ ಮುನ್ನ ವಾಚಕರು ಒಂದು ವಿಷಯವನ್ನು ಮನಸ್ಸಿನಲ್ಲಿ ಇಡಬೇಕು. ಈ ಸಸ್ಯದ ಎಲ್ಲ ಭಾಗಗಳೂ ವಿಷ. ಗೆಡ್ಡೆ ಮತ್ತು ಬೀಜಗಳು ಘೋರವಿಷ. ಗೆಡ್ಡೆಯನ್ನು ಗೆಣಸೆಂದು ಭ್ರಮಿಸಿ ತಿಂದು ಪ್ರಾಣ ಕಳೆದುಕೊಂಡವರುಂಟು. ಶ್ರೀಲಂಕಾದ ವೈದ್ಯರು ಇಂಥ ಪ್ರಕರಣಗಳನ್ನು ಹಲವು ಸಲ ವರದಿ ಮಾಡಿರುವರು. ತಿಂದ ಕೆಲವು ಗಂಟೆಗಳಲ್ಲಿ ಬಾಯಿ, ಗಂಟಲುಗಳ ಉರಿ, ವಾಂತಿ, ಭೇದಿಗಳು ಆರಂಭವಾಗುವುವು; ಬಳಿಕ ರಕ್ತಕಣಗಳನ್ನು ಹುಟ್ಟಿಸುವ ಅಸ್ಥಿಮಜ್ಜೆ ಕೆಡುವುದು; ಬದುಕಿ ಉಳಿದವರಿಗೂ ತಲೆಗೂದಲು ಉದುರುವುದು.

ಇದಕ್ಕೆಲ್ಲ ಕಾರಣ ಕಾಲ್ಚಿಸಿನ್ ಎಂಬ ರಾಸಾಯನಿಕ. ಜೀವಕೋಶವು ಎರಡಾಗಿ ಒಡೆಯುವಾಗ, ವರ್ಣತಂತುಗಳನ್ನು ಎರಡು ಕಡೆಗೂ ಎಳೆದು ಹಂಚಲು ಅದರೊಳಗೆ ಸೂಕ್ಷ್ಮನಳಿಕೆಗಳಿಂದಾದ ಕದಿರಿನಾಕಾರದ ಚೌಕಟ್ಟೊಂದು ಕಟ್ಟಲ್ಪಡುವುದು. ಈ ನಳಿಕೆಗಳ ಇಟ್ಟಿಗೆಯಂತಿರುವ ಟ್ಯುಬುಲಿನ್ ಎಂಬ ಪ್ರೋಟೀನಿಗೆ ಕಾಲ್ಚಿಸಿನ್ ಅಂಟಿಕೊಂಡು, ಚೌಕಟ್ಟು ಏಳದಂತೆ ತಡೆಯುವುದು. ಕೋಶವಿಭಜನೆ ಅಲ್ಲಿಗೇ ನಿಲ್ಲುವುದು. ಕರುಳಿನ ಒಳಪದರ, ಅಸ್ಥಿಮಜ್ಜೆ, ಕೂದಲಿನ ಬುಡ ಇವುಗಳಲ್ಲಿ ಕೋಶಗಳು ಸದಾ ಒಡೆಯುತ್ತಿರುವುದರಿಂದ ಪೆಟ್ಟು ಮೊದಲು ಅಲ್ಲಿಗೇ ಬೀಳುವುದು.

ಇದೇ ಗುಣ ಮನುಷ್ಯನಿಗೆ ಉಪಕಾರಿಯೂ ಆಯಿತು. ಅತ್ಯಲ್ಪ ಪ್ರಮಾಣದ ಕಾಲ್ಚಿಸಿನ್ ‘ಗೌಟ್’ ಎಂಬ ಕೀಲುಬೇನೆಗೆ ಔಷಧಿ. ಅಮೆರಿಕದ ಬ್ಲೇಕ್ಸ್‌ಲಿ ಮತ್ತು ಏವರಿ ಎಂಬ ವಿಜ್ಞಾನಿಗಳು ಇದರಿಂದ ಸಸ್ಯಕೋಶದ ವರ್ಣತಂತುಗಳನ್ನು ಇಮ್ಮಡಿಗೊಳಿಸಬಹುದೆಂದು 1937ರಲ್ಲಿ ತೋರಿಸಿದರು. ಜಪಾನಿನ ಕಿಹಾರ ಅವರ ಬೀಜವಿಲ್ಲದ ಕಲ್ಲಂಗಡಿ ಆ ದಾರಿಯಿಂದಲೇ ಬಂದಿತು. ಆದರೆ ಔಷಧಿಗೂ ವಿಷಕ್ಕೂ ಇಲ್ಲಿ ಅಂತರ ಬಹು ಕಿರಿದು. ಆದಕಾರಣ ಮನೆಮದ್ದಿನ ಪ್ರಯೋಗ ಸರ್ವಥಾ ಸಲ್ಲದು. ಗೆಡ್ಡೆಯನ್ನು ಮುಟ್ಟುವಾಗ ಕೈಚೀಲ ತೊಡಬೇಕು; ಬಳಿಕ ಸಾಬೂನಿನಿಂದ ಕೈತೊಳೆಯಬೇಕು; ಗೆಡ್ಡೆ, ಬೀಜಗಳನ್ನು ಅಡಿಗೆಮನೆಯೊಳಕ್ಕೆ ತರಲೇಬಾರದು. ಚಿಕ್ಕ ಮಕ್ಕಳೂ ಮೇಯುವ ದನಕರುಗಳೂ ಓಡಾಡುವ ಅಂಗಳದಲ್ಲಿ ಇದನ್ನು ಬೆಳೆಸದಿರುವುದೇ ಲೇಸು.

ನೆಡುವ ಬಗೆ

ಲಾಂಗಲಿ ಎಂದರೆ ನೇಗಿಲಿಗೆ ಸಂಬಂಧಿಸಿದುದು. ಗೆಡ್ಡೆಯನ್ನು ಕಂಡವರಿಗೆ ಈ ಹೆಸರಿನ ಔಚಿತ್ಯ ತಾನೇ ಹೊಳೆಯುವುದು: ಎರಡು ತೋಳುಗಳು ಒಂದು ಮೂಲೆಯಲ್ಲಿ ಕೂಡಿ ನೇಗಿಲಿನಂತೆ ಬಾಗಿರುವುವು. ಮೊಳಕೆಯ ಕಣ್ಣು ತೋಳಿನ ತುದಿಯಲ್ಲಿ ಇರುವುದು. ಆಲೂಗೆಡ್ಡೆಯಂತೆ ಮೈತುಂಬ ಕಣ್ಣುಗಳಿಲ್ಲ. ತುದಿ ಮುರಿದರೆ ಆ ತೋಳು ಮೊಳೆಯುವ ಆಸೆಯನ್ನು ಬಿಡಬೇಕು. ಗೆಡ್ಡೆ ಸುಲಭವಾಗಿ ಮುರಿಯುವ ಸ್ವಭಾವದ್ದಾದುದರಿಂದ ಗಾಜನ್ನು ಹಿಡಿದಂತೆ ಹಿಡಿಯಬೇಕು.

ಸಿರುಗುಪ್ಪ, ಕುರುಗೋಡುಗಳ ಎರೆಭೂಮಿ ಹತ್ತಿಗೆ ಹೆಸರಾದುದಾದರೂ ಈ ಬಳ್ಳಿಗೆ ಹಿತವಲ್ಲ. ಎರೆಮಣ್ಣು ಮಳೆಯಲ್ಲಿ ಉಬ್ಬಿ ನೀರನ್ನು ಹಿಡಿದಿಡುವುದು. ಬೇಸಗೆಯಲ್ಲಿ ಕುಗ್ಗಿ ಬಿರಿಯುವುದು. ಮೊದಲನೆಯದರಿಂದ ಗೆಡ್ಡೆ ಕೊಳೆಯುವುದು, ಎರಡನೆಯದರಿಂದ ಒಣಗುವುದು. ಮಸಾರಿ ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಬೆರಸಿ, ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರದ ಮಡಿಯನ್ನು ಕಟ್ಟಿದರೆ ನೀರು ನಿಲ್ಲದು. ಜಾಗವಿಲ್ಲದವರು ಆಳವಾದ ಕುಂಡವನ್ನು ಬಳಸಬಹುದು.

ಮುಂಗಾರಿನ ಮೊದಲ ಮಳೆಗಳಾದ ಮೇಲೆ, ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೇಲೆ ಎರಡು ಮೂರು ಅಂಗುಲ ಮಣ್ಣು ಮುಚ್ಚಬೇಕು. ಗೆಡ್ಡೆಯಿಂದ ಗೆಡ್ಡೆಗೆ ಒಂದಡಿಗಿಂತ ಹೆಚ್ಚು ಅಂತರವಿರಲಿ. ಆಸರೆಗೆ ದಪ್ಪ ಕಂಬ ಪ್ರಯೋಜನವಿಲ್ಲ. ಎಲೆತುದಿಯ ಕೊಕ್ಕೆಗೆ ಅದನ್ನು ಬಳಸಲಾಗದು. ನಮ್ಮ ಕಡೆ ಹೇರಳವಾಗಿ ಸಿಗುವ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳೇ ಸಾಕು.

ಇನ್ನು ಬಿಸಿಲಿನ ಮಾತು. ಕಾಡಿನಲ್ಲಿ ಈ ಬಳ್ಳಿ ಪೊದೆಯೊಂದರ ಬುಡದಲ್ಲಿ ಹುಟ್ಟಿ, ಅದರೊಳಗಿಂದ ಏರಿ, ನೆತ್ತಿಯ ಮೇಲೆ ಹೂ ಬಿಡುವುದು. ಅಂದರೆ ತಲೆಗೆ ಬಿಸಿಲು, ಕಾಲಿಗೆ ನೆರಳು. ಹಿತ್ತಲಿನಲ್ಲಿಯೂ ಈ ಕ್ರಮವನ್ನೇ ಅನುಸರಿಸಿ, ಮಡಿಯ ಮೇಲೆ ಒಣ ಎಲೆಗಳನ್ನು ಹರಡಿ, ಬಳ್ಳಿಯನ್ನು ತೆರೆದ ಬಿಸಿಲಿಗೆ ಹತ್ತಿಸಬೇಕು. ಗೋಡೆಯ ನೆರಳಿನಲ್ಲಿ ಬೆಳೆದ ಬಳ್ಳಿ ಸೊರಗಿ ಉದ್ದವಾಗುವುದೇ ಹೊರತು ಹೂ ಬಿಡುವುದು ವಿರಳ.

ಬೇಸಗೆಯ ನಿದ್ರೆ

ಮಳೆಗಾಲ ಕಳೆದು ಕಾಯಿ ಬಲಿತ ಬಳಿಕ ಎಲೆಗಳು ಹಳದಿಯಾಗಿ ಬಳ್ಳಿಯೆಲ್ಲ ಒಣಗಿ ಬೀಳುವುದು. ಮೊದಲ ವರ್ಷ ನಾವು ಇಲ್ಲಿಯೇ ತಪ್ಪಿದೆವು. ಗಿಡ ಸಾಯುತ್ತಿರುವುದೆಂದು ಭಾವಿಸಿ ದಿನವೂ ನೀರೆರೆದೆವು. ಮಾರ್ಚಿಯಲ್ಲಿ ಅಗೆದು ನೋಡಿದರೆ ಕೈಗೆ ಸಿಕ್ಕಿದುದು ಕೊಳೆತ ಮುದ್ದೆ. ಅದು ಸಾವಲ್ಲ, ನಿದ್ರೆ ಎಂಬುದು ಆ ಮೇಲೆ ತಿಳಿಯಿತು.

ನಾಲ್ಕು ತಿಂಗಳ ಕಾಲ ಎಲೆಗಳು ಬಿಸಿಲಿನಿಂದ ತಯಾರಿಸಿದ ಆಹಾರವೆಲ್ಲ ನೆಲದೊಳಕ್ಕೆ ಇಳಿದು ಹೊಸ ಗೆಡ್ಡೆಯಾಗುವುದು. ಹಿಂದಿನ ವರ್ಷದ ಗೆಡ್ಡೆ ಬತ್ತಿ ಹೋಗುವುದು. ಬಳ್ಳಾರಿಯ ಉರಿಬೇಸಗೆಯನ್ನು ಈ ಸಸ್ಯ ಎದುರಿಸುವುದೇ ಇಲ್ಲ. ಮಳೆಗಾಲದ ಬಿಸಿಲನ್ನು ಗಂಟುಕಟ್ಟಿಕೊಂಡು, ಬೇಸಗೆಯ ಬಿಸಿಲಿನಲ್ಲಿ ನೆಲದೊಳಗೆ ಮಲಗುವುದು. ಎಲೆ ಹಳದಿಯಾದೊಡನೆ ನೀರನ್ನು ನಿಲ್ಲಿಸುವುದೇ ತೋಟಗಾರನ ಕರ್ತವ್ಯ. ಮುಂಗಾರಿನವರೆಗೆ ಗೆಡ್ಡೆ ಮಣ್ಣಿನಲ್ಲೇ ಇರಬಹುದು. ಇಲ್ಲವೆ ತೆಗೆದು, ಒಣಮರಳಿನಲ್ಲಿ ಹೂತು, ‘ವಿಷ’ ಎಂದು ಚೀಟಿ ಅಂಟಿಸಿ, ಮಕ್ಕಳ ಕೈಗೆಟುಕದಂತೆ ಇಡಬಹುದು.

ಒಂದರಿಂದ ಹಲವು

ಬಳ್ಳಿಯನ್ನು ಹೆಚ್ಚಿಸಲು ಎರಡು ದಾರಿಗಳುಂಟು. ಮೊದಲನೆಯದು ಗೆಡ್ಡೆ. ನಿದ್ರಾಕಾಲದಲ್ಲಿ ಎರಡು ತೋಳುಗಳನ್ನು ಕೂಡುವ ಮೂಲೆಯಲ್ಲಿ ಬೇರ್ಪಡಿಸಿ, ಗಾಯವನ್ನು ಕೆಲವು ದಿನ ನೆರಳಿನಲ್ಲಿ ಒಣಗಿಸಿ ನೆಟ್ಟರೆ, ಕಣ್ಣುಳ್ಳ ಪ್ರತಿಯೊಂದು ತೋಳೂ ಒಂದು ಬಳ್ಳಿಯಾಗುವುದು. ವರ್ಷಕ್ಕೆ ಒಂದು ಎರಡಾದರೆ ಐದು ವರ್ಷಗಳಲ್ಲಿ 32 ಎಂದು ಗಣಿತ ಹೇಳುವುದು; ಕೊಳೆತವನ್ನು ಕಳೆದರೆ ವಾಸ್ತವದಲ್ಲಿ ಅದಕ್ಕಿಂತ ಕಡಮೆಯೇ.

ಎರಡನೆಯದು ಬೀಜ. ಇಲ್ಲಿ ಹೂವಿನ ರಚನೆಯನ್ನು ಗಮನಿಸಬೇಕು. ಶಲಾಕೆಯು ಅಂಡಾಶಯದಿಂದ ಹೊರಟೊಡನೆ ಸಮಕೋನದಲ್ಲಿ ಪಕ್ಕಕ್ಕೆ ಬಾಗಿ, ಆ ಹೂವಿನ ಕೇಸರಗಳಿಂದ ದೂರ ಸರಿದಿರುವುದು. ತನ್ನ ಪರಾಗ ತನಗೇ ತಗಲುವುದು ಇದರಿಂದ ವಿರಳವಾಗುವುದು. ಕಾಡಿನಲ್ಲಿ ಚಿಟ್ಟೆ, ಸೂರಕ್ಕಿಗಳು ಬಂದು ಪರಾಗವನ್ನು ಒಯ್ಯುವುವು. ಊರಿನ ಹಿತ್ತಲಿನಲ್ಲಿ ಅವುಗಳನ್ನೇ ನಂಬಿ ಕೂಡಲಾಗದು. ಔಷಧಿಯ ಬೀಜಕ್ಕಾಗಿ ಇದನ್ನು ಹೊಲಗಳಲ್ಲಿ ಬೆಳೆಸುವ ತಮಿಳುನಾಡಿನ ರೈತರು ಬೆಳಗಿನ ಹೊತ್ತು ಒಂದು ಹೂವಿನ ಪರಾಗವನ್ನು ಇನ್ನೊಂದರ ಶಲಾಕಾಗ್ರಕ್ಕೆ ಕೈಯಿಂದಲೇ ಮುಟ್ಟಿಸುವರು. ನಾವೂ ಹಾಗೆ ಮಾಡಬಹುದು. ಒಂದೇ ಗೆಡ್ಡೆಯಿಂದ ಬಂದ ಬಳ್ಳಿಗಳು ಎಷ್ಟಿದ್ದರೂ ವಂಶದ ದೃಷ್ಟಿಯಿಂದ ಒಂದೇ ವ್ಯಕ್ತಿ. ಆದುದರಿಂದ ಬೇರೆ ಮೂಲದ ಬಳ್ಳಿಯೊಡನೆ ಪರಾಗ ಕೂಡಿಸುವುದು ಉತ್ತಮ.

ಕಾಯಿ ಒಣಗಿ ಮೂರು ಹೋಳಾಗಿ ಬಿರಿದಾಗ ಕೆಂಬಣ್ಣದ ಬೀಜಗಳು ಕಾಣುವುವು. ಇವು ಕೂಡಲೇ ಮೊಳೆಯುವುದಿಲ್ಲ. ಹಲವು ತಿಂಗಳ ಸುಪ್ತಾವಸ್ಥೆ ಕಳೆದ ಮೇಲೆ, ಒಂದು ರಾತ್ರಿ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮರಳು ಬೆರಸಿದ ಮಣ್ಣಿನಲ್ಲಿ ಜೂನಿನಲ್ಲಿ ಬಿತ್ತಬೇಕು. ಕೆಲವು ಮೂರು ವಾರಗಳಲ್ಲಿ, ಕೆಲವು ಮೂರು ತಿಂಗಳಲ್ಲಿ ಮೊಳೆಯುವುವು. ಮೊದಲ ವರ್ಷ ಹುಲ್ಲಿನಂಥ ಕೆಲವು ಎಲೆಗಳು ಬಂದು ಒಣಗಿ, ಮಣ್ಣಿನಲ್ಲಿ ಪುಟ್ಟ ಗೆಡ್ಡೆಯೊಂದು ಉಳಿಯುವುದು. ಹೂವನ್ನು ಕಾಣಲು ಮೂರು ನಾಲ್ಕು ವರ್ಷಗಳು ಬೇಕು.

ಬೆಟ್ಟದ ಪಾಲು ಬೆಟ್ಟಕ್ಕೆ

ಇಷ್ಟು ಕಾಯುವುದೇಕೆ, ಬೆಟ್ಟಕ್ಕೆ ಹೋಗಿ ಗೆಡ್ಡೆಯನ್ನು ಅಗೆದು ತಂದರಾಗದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಆಗದು. ಹೂವನ್ನು ಕಿತ್ತರೆ ಒಂದು ವರ್ಷದ ಬೀಜ ಹೋಯಿತು. ಗೆಡ್ಡೆಯನ್ನು ಅಗೆದರೆ ಸಸ್ಯವೇ ಹೋಯಿತು. ಅದರ ಸ್ಥಾನಕ್ಕೆ ಮತ್ತೊಂದು ಬರಲು ಬೀಜದಿಂದ ನಾಲ್ಕು ವರ್ಷ ಬೇಕೆಂಬುದನ್ನು ಈಗತಾನೆ ಕಂಡೆವು. ಔಷಧಿಯ ವ್ಯಾಪಾರಕ್ಕಾಗಿ ಕಾಡಿನ ಗೆಡ್ಡೆಗಳನ್ನು ಅಗೆದ ಕಡೆಗಳಲ್ಲಿ ಈ ಬಳ್ಳಿ ಅಪರೂಪವಾಗಿರುವುದು ಇದರಿಂದಲೇ. ಕಾಯ್ದಿಟ್ಟ ಅರಣ್ಯದಿಂದ ಅಪ್ಪಣೆಯಿಲ್ಲದೆ ಗಿಡವನ್ನು ಕೀಳುವುದು ಅಪರಾಧವೂ ಹೌದು.

ಸಂಡೂರಿನ ಬೆಟ್ಟಗಳು ಕಬ್ಬಿಣದ ಅದುರಿಗಾಗಿ ಬಹಳ ಅಗೆಸಿಕೊಂಡಿವೆ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಂದೆ ಅದು ಮಿತಿ, ನಿಬಂಧನೆಗಳೊಡನೆ ಮತ್ತೆ ಆರಂಭವಾಯಿತು. ಬೇಸಗೆಯಲ್ಲಿ ಬೆಟ್ಟದ ಇಳಿಜಾರನ್ನು ನೋಡುವವನಿಗೆ ಅಲ್ಲಿ ಒಣಹುಲ್ಲಲ್ಲದೆ ಬೇರೇನೂ ಕಾಣಿಸದು. ಆದರೆ ಆ ಮಣ್ಣಿನ ಎರಡು ಮೂರು ಅಂಗುಲ ಕೆಳಗೆ ಅಗ್ನಿಶಿಖೆ ಮಲಗಿರಬಹುದು. ನೆಲವನ್ನು ಬರಿದೆಂದು ಭಾವಿಸಿ ತೆಗೆದವನಿಗೆ ತಾನು ಏನನ್ನು ತೆಗೆದೆನೆಂಬುದೇ ತಿಳಿಯದು.

ಬೆಳೆಸಿದವರಿಂದ ಒಂದು ತೋಳು ಗೆಡ್ಡೆಯನ್ನೋ ಕೆಲವು ಬೀಜಗಳನ್ನೋ, ಅದರ ವಿಷದ ತಿಳಿವಳಿಕೆಯೊಡನೆ ಪಡೆದು ಬೆಳೆಸಿರಿ. ನಿಮ್ಮಲ್ಲಿ ಹೆಚ್ಚಿದಾಗ ಆ ತಿಳಿವಳಿಕೆಯೊಡನೆಯೇ ಇನ್ನೊಬ್ಬರಿಗೆ ಕೊಡಿರಿ. ನಮ್ಮ ಹಿತ್ತಲಿನಲ್ಲಿ ಎರಡನೆಯ ಸಲ ನೆಟ್ಟ ಗೆಡ್ಡೆ ಈಗ ನಾಲ್ಕಾಗಿದೆ. ಈ ಬೇಸಗೆಯಲ್ಲಿ ಅಲ್ಲಿ ಬರಿಯ ಮಣ್ಣು ಕಾಣುತ್ತಿರುವುದು. ನಾವು ಅದಕ್ಕೆ ನೀರೆರೆಯುತ್ತಿಲ್ಲ, ಮಳೆಗಾಗಿ ಕಾಯುತ್ತಿರುವೆವು.