ಗಾಲಿಕುರ್ಚಿ ಮತ್ತು ಗೇರುಬೀಜ

ವೃತ್ತಿತರಬೇತಿ, ಅಂದರೆ ಕಸುಬು ಕಲಿಸಿ ಸ್ವಂತ ದುಡಿಮೆಗೆ ಅಣಿಗೊಳಿಸುವ ಶಿಕ್ಷಣ, ಅಂಗವಿಕಲರ ಪಾಲಿಗೆ ಏನಾಗಬಲ್ಲದು ಎಂಬುದನ್ನು ಕೊಲ್ಹಾಪುರದಲ್ಲಿ 1984ರಲ್ಲಿ ಸ್ಥಾಪನೆಯಾದ ‘ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್’ ಸೇವಾಸಂಸ್ಥೆ ತೋರಿಸಿಕೊಟ್ಟಿದೆ. ಹದಿಹರೆಯದಲ್ಲೇ ಕಾಲುಗಳ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿ ಹಿಡಿದ ನಸೀಮಾ ಹುರ್ಜುಕ್ ಅದರ ಸ್ಥಾಪಕಿ. ಆ ಬದುಕನ್ನು ಅವರು ಮರಾಠಿಯ ‘ಚಾಕಾಚಿ ಖುರ್ಚಿ’ ಎಂಬ ಆತ್ಮಕಥೆಯಲ್ಲಿ ಬರೆದಿದ್ದಾರೆ. ನೆರೆಯ ಸಿಂಧುದುರ್ಗ ಜಿಲ್ಲೆಯಲ್ಲಿ ಸಂಸ್ಥೆಯು ಗೇರುಬೀಜ ಸಂಸ್ಕರಣೆಯನ್ನು ಕೈಗೆತ್ತಿಕೊಂಡದ್ದು, ಅಲ್ಲಿಯಂತೆ ಕೊಲ್ಹಾಪುರ ಜಿಲ್ಲೆಯ ಆಜರಾ, ಚಂದಗಡ ತಾಲೂಕುಗಳಲ್ಲೂ ಗೇರು ಸ್ಥಳೀಯ ಬೆಳೆಯೇ ಆಗಿರುವುದರಿಂದ, ನಿಜಕ್ಕೂ ವಿವೇಕದ ಆಯ್ಕೆ. ಬೀಜ ಒಡೆಯುವ ಸಾಮಾನ್ಯ ಯಂತ್ರವನ್ನು ಕೈಕಾಲು ಎರಡರಿಂದಲೂ ನಡೆಸಬೇಕು, ಸಿಪ್ಪೆಯ ಎಣ್ಣೆ ತಗುಲಿದರೆ ಚರ್ಮ ಸುಡುತ್ತದೆ. ಆದರೆ ಒಣಗಿದ ತಿರುಳಿನ ಕೆಂಪು ಪೊರೆಯನ್ನು ಮುರಿಯದಂತೆ ಬಿಡಿಸಿ, ಇಡಿ ಬೀಜ, ಹೋಳು ಎಂದು ವಿಂಗಡಿಸಲು ಕಾಲಿನ ಬಲ ಬೇಕಿಲ್ಲ, ಬೆರಳಿನ ನಾಜೂಕು ಸಾಕು, ಮತ್ತು ಸರಕಿನ ಬೆಲೆ ಬಹುಮಟ್ಟಿಗೆ ನಿರ್ಧಾರವಾಗುವುದೂ ಆ ಬೆರಳುಗಳಲ್ಲಿಯೇ.