ತೋಳಿನ ಮೇಲಣ ಗುರುತು

ನಮ್ಮ ಅಜ್ಜಿ ಹುಟ್ಟಿದ್ದು ಹೊನ್ನಾವರ ತಾಲೂಕಿನಲ್ಲಿ, ಶರಾವತಿಯ ದಂಡೆಯ ಒಂದು ಹಳ್ಳಿಯಲ್ಲಿ. ಆಕೆಯ ಎಡದೋಳಿನ ಮೇಲೆ ತೊಗರಿಬೇಳೆಯಷ್ಟಗಲದ ಎರಡು ಗುರುತುಗಳಿದ್ದುವು. ಬಾಲ್ಯದಲ್ಲಿ ಅವನ್ನು ಬೆರಳಿನಿಂದ ಮುಟ್ಟಿ ‘ಇದೇನು?’ ಎಂದು ಕೇಳಿದರೆ ‘ದಾಕು’ ಎಂಬ ಒಂದೇ ಮಾತಿನ ಉತ್ತರ ಬರುತ್ತಿತ್ತು. ಅದರ ಕಥೆ ತಿಳಿದದ್ದು ಬಹಳ ವರ್ಷಗಳ ತರುವಾಯ. ದಾಕಿನವನು ಊರಿಗೆ ಬಂದನೆಂಬ ಸುದ್ದಿ ಮುಟ್ಟಿದೊಡನೆ ಅಜ್ಜಿಯ ತಂದೆ ತನ್ನ ಹಿರಿಯ ಮಗಳನ್ನು ಅಟ್ಟಕ್ಕೆ ಹತ್ತಿಸಿ ಅಡಕೆಯ ಮೂಟೆಗಳ ಹಿಂದೆ ಅಡಗಿಸಿದನಂತೆ. ಅಂಗಳದಲ್ಲಿ ಆಡುತ್ತಿದ್ದ ಕಿರಿಯಳು ಸಿಕ್ಕಿಬಿದ್ದಳು, ಅತ್ತಳು, ಎರಡು ದಿನ ಜ್ವರದಿಂದ ಮಲಗಿದಳು. ಮುಂದೆ ಕೆಲವು ವರ್ಷಗಳಲ್ಲಿ ಊರಿಗೆ ಸಿಡುಬು ಬಂದಿತು. ಅಟ್ಟದಲ್ಲಿ ಅಡಗಿದ್ದವಳು ಜೀವದಿಂದ ಉಳಿದಳಾದರೂ ಒಂದು ಕಣ್ಣು ಹೋಯಿತು, ಮುಖವೆಲ್ಲ ಕಲೆಯಾಯಿತು, ಮದುವೆಯ ಮಾತು ನಿಂತುಹೋಯಿತು. ಆಕೆ ತಂಗಿಯ ಮನೆಯಲ್ಲಿಯೇ ಮುದುಕಿಯಾದಳು. ‘ಅಪ್ಪಯ್ಯನಿಗೆ ಅವಳ ಮೇಲೇ ಪ್ರೀತಿ ಹೆಚ್ಚು’ ಎಂದು ಅಜ್ಜಿ ಹೇಳುತ್ತಿದ್ದಳು. ಆ ಮಾತು ದೂರಿನಂತೆ ಕೇಳುತ್ತಿರಲಿಲ್ಲ. ಹಾಗೆಂದು ಹೊಗಳಿಕೆಯೂ ಆಗಿರಲಿಲ್ಲ.

ಮಕ್ಕಳಿಗೆ ಲಸಿಕೆ ಹಾಕಿಸುವುದನ್ನು ಕಾಯಿದೆಯಿಂದ ಕಡ್ಡಾಯ ಮಾಡಬೇಕೆ, ತಂದೆತಾಯಿಗಳ ಇಚ್ಛೆಗೆ ಬಿಡಬೇಕೆ ಎಂಬ ಚರ್ಚೆ ನಮ್ಮಲ್ಲಿ ಕೆಲವು ವರ್ಷಗಳಿಗೊಮ್ಮೆ ಎದ್ದು ಅಡಗುತ್ತಿರುತ್ತದೆ. ಪಟ್ಟಣಗಳ ಸಭೆಗಳಲ್ಲಿ ಇದನ್ನು ಹೊಸ ಪ್ರಶ್ನೆಯೆಂಬಂತೆ ಆಡುವವರನ್ನು ಕಂಡಾಗಲೆಲ್ಲ ಈ ಲೇಖಕನಿಗೆ ಆ ಅಟ್ಟದ ನೆನಪು ಬರುತ್ತದೆ. ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಗೆ ಈ ಪ್ರಶ್ನೆ ಬಹಳ ಹಳೆಯದು.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿಕೊಟ್ಟದ್ದು 1796ರಲ್ಲಿ. ಆರೇ ವರ್ಷಗಳಲ್ಲಿ, 1802ರ ಜೂನ್ 14ರಂದು, ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು ಭಾರತದಲ್ಲಿ ಮೊಟ್ಟಮೊದಲು ಅದನ್ನು ಹಾಕಿಸಿಕೊಂಡಿತು. ಆಗ ಶೀಸೆಯಲ್ಲಿ ತುಂಬಿಟ್ಟ ಔಷಧವಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಎಂಟು ದಿನಗಳ ಬಳಿಕ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಚ್ಚಬೇಕಾಗಿತ್ತು. ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಆ ರಸ ಸಾಗುತ್ತಿತ್ತು. ಯಾರ ಮನೆಯ ಮಗುವಿನ ರಸ, ಯಾರ ಮನೆಯ ಮಗುವಿನ ರಕ್ತಕ್ಕೆ? ಮಡಿ ಮೈಲಿಗೆಗಳ ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ಅಡ್ಡಿ ಬೇಕಿರಲಿಲ್ಲ. ಗುಳ್ಳೆಯನ್ನು ಚುಚ್ಚಿ ರಸ ತೆಗೆಯುವಾಗ ಮಗು ಚೀರುವುದನ್ನು ಕಂಡ ತಾಯಿ ಮತ್ತೊಮ್ಮೆ ಆ ಮನುಷ್ಯನನ್ನು ಹೊಸ್ತಿಲೊಳಗೆ ಬಿಡಲಾರಳು. ಅದನ್ನು ಬರಿಯ ಮೌಢ್ಯವೆಂದು ಬರೆದಿಟ್ಟ ಅಧಿಕಾರಿಗಳಿಗೆ ಬಹುಶಃ ಹಾಲುಗೂಸುಗಳ ಪರಿಚಯವಿರಲಿಲ್ಲ.

ಮೈಸೂರಿನಲ್ಲಿ ಅರಮನೆ ಬೇರೊಂದು ದಾರಿ ಹಿಡಿಯಿತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೂವರು ರಾಜಸ್ತ್ರೀಯರ ಚಿತ್ರದಲ್ಲಿ ಕಿರಿಯ ರಾಣಿ ದೇವಾಜಮ್ಮಣ್ಣಿಯು ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವಂತಿದೆ. ಆಕೆ ಲಸಿಕೆ ಹಾಕಿಸಿಕೊಂಡ ಜಾಗವನ್ನೇ ಪ್ರಜೆಗಳಿಗೆ ತೋರಿಸುತ್ತಿದ್ದಾಳೆಂದು ಇತಿಹಾಸಕಾರರು ಆ ಚಿತ್ರವನ್ನು ಓದಿದ್ದಾರೆ.

ನಮ್ಮ ಕರಾವಳಿಗೆ ರಾಣಿಯಿರಲಿಲ್ಲ, ಕಲೆಕ್ಟರನಿದ್ದ. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ ಮೇಲೆ ಮುಂಬಯಿಯ ಕಾಯಿದೆಗಳು ಇಲ್ಲಿಗೂ ಬರತೊಡಗಿದುವು. 1880ರಲ್ಲಿ ಇಂಡಿಯಾ ಸರಕಾರ ಮಾಡಿದ ಲಸಿಕೆಯ ಕಾಯಿದೆಯನ್ನು ಪುರಸಭೆಗಳು ಬೇಕಾದಲ್ಲಿ ತಮ್ಮ ಊರಿಗೆ ಅನ್ವಯಿಸಿಕೊಳ್ಳಬಹುದಾಗಿತ್ತು. ಆ ಕಾಯಿದೆಯಲ್ಲಿ ‘ಮಗು’ ಎಂಬ ಮಾತಿನ ಅರ್ಥ ಸ್ವಾರಸ್ಯವಾಗಿದೆ: ಗಂಡಾದರೆ ಹದಿನಾಲ್ಕು ವರ್ಷದೊಳಗಿನವನು, ಹೆಣ್ಣಾದರೆ ಎಂಟು ವರ್ಷದೊಳಗಿನವಳು. ಎಂಟು ತುಂಬಿದ ಹೆಣ್ಣುಮಗುವಿನ ತೋಳನ್ನು ಪರಪುರುಷ ಹಿಡಿಯುವುದಕ್ಕೆ ಮನೆಯವರು ಒಪ್ಪಲಾರರೆಂಬುದನ್ನು ಬಲ್ಲ ಕಾಯಿದೆಯದು. ಕಡ್ಡಾಯವೆಂಬ ಮಾತನ್ನು ಆಡುತ್ತಲೇ ಅದು ಜನರ ಮನಸ್ಸಿನ ಮುಂದೆ ಇಷ್ಟು ತಗ್ಗಿತ್ತು. 1892ರಲ್ಲಿ ಮುಂಬಯಿಯ ಜಿಲ್ಲೆಗಳಿಗಾಗಿಯೇ ಇನ್ನೊಂದು ಕಾಯಿದೆ ಬಂದಿತು. ಇಪ್ಪತ್ತನೆಯ ಶತಮಾನದಲ್ಲಿ ಬೆಳಗಾವಿಯ ಲಸಿಕಾ ಸಂಸ್ಥೆ ಕರುವಿನ ಮೈಯಿಂದ ಲಸಿಕೆ ತಯಾರಿಸಿ ಕಳಿಸತೊಡಗಿದ ಮೇಲೆ ತೋಳಿನಿಂದ ತೋಳಿಗೆ ಹಚ್ಚುವ ಕಷ್ಟ ತಪ್ಪಿತು.

ಸಿಡುಬು ಬಂದ ಮನೆಯಲ್ಲಿ ಅದನ್ನು ರೋಗವೆಂದು ಕರೆಯುತ್ತಿರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಒಗ್ಗರಣೆ ನಿಲ್ಲುತ್ತಿತ್ತು, ಬೇವಿನ ಸೊಪ್ಪು ಬಾಗಿಲಿಗೆ ಬರುತ್ತಿತ್ತು, ಅತಿಥಿ ಸಿಟ್ಟಾಗದಂತೆ ಮನೆಯವರೆಲ್ಲ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಭಟ್ಕಳದ ಮಾರಿಯ ಜಾತ್ರೆಯನ್ನು ಕಂಡವರಿಗೆ ಇದರ ಒಳದನಿ ತಿಳಿಯುತ್ತದೆ. ಮರದ ಮೂರ್ತಿಯನ್ನು ಮಾಡಿ, ಪೂಜಿಸಿ, ಊರೆಲ್ಲ ಕೂಡಿ ಮೆರವಣಿಗೆಯಲ್ಲಿ ಒಯ್ದು ಕಡಲಿಗೆ ಬಿಡುತ್ತಾರೆ. ಬಂದವಳನ್ನು ಮರ್ಯಾದೆಯಿಂದ ಊರಾಚೆಗೆ ಕಳಿಸಿಕೊಡುವ ವಿಧಾನವದು. ಸೂಜಿಯವನು ಮಾಡುತ್ತೇನೆಂದದ್ದೂ ಅದನ್ನೇ; ಆದರೆ ಮರ್ಯಾದೆಯ ಭಾಗವನ್ನು ಬಿಟ್ಟುಬಿಟ್ಟಿದ್ದ.

ವಿರೋಧಿಸಿದವರೆಲ್ಲ ಹಳ್ಳಿಯ ಭಕ್ತರೆಂದು ತಿಳಿಯಬಾರದು. ಲಸಿಕೆಯನ್ನು ಬರವಣಿಗೆಯಲ್ಲಿಯೇ ಖಂಡಿಸಿದವರಲ್ಲಿ ಮಹಾತ್ಮ ಗಾಂಧಿಯವರೂ ಒಬ್ಬರು. 1930ರ ಆರಂಭದಲ್ಲಿ ಸಾಬರಮತಿ ಆಶ್ರಮಕ್ಕೆ ಸಿಡುಬು ಹೊಕ್ಕು ಮಕ್ಕಳು ಸತ್ತಾಗಲೂ ಅವರು ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಆದರೆ ಹಾಕಿಸಿಕೊಳ್ಳಬಯಸುವವರನ್ನು ತಡೆಯಲೂ ಇಲ್ಲ. ನಾಲ್ಕು ವರ್ಷಗಳ ತರುವಾಯ, 1934ರಲ್ಲಿ, ಅವರು ಹರಿಜನ ಪ್ರವಾಸದ ಮೇಲೆ ನಮ್ಮ ಜಿಲ್ಲೆಗೆ ಬಂದರು. ಅವರ ಮಾತಿನಿಂದ ಶಿರಸಿಯ ಮಾರಿಕಾಂಬೆಯ ಕೋಣನ ಬಲಿ ನಿಂತಿತು. ಬಲಾತ್ಕಾರವಿಲ್ಲದೆ ಮನಸ್ಸನ್ನು ತಿರುಗಿಸಬಹುದೆಂಬುದಕ್ಕೆ ನಮ್ಮ ಕಡೆಯಲ್ಲಿ ಅಷ್ಟು ದೊಡ್ಡ ಉದಾಹರಣೆ ಇನ್ನೊಂದಿಲ್ಲ. ಆ ಶಕ್ತಿ ಸೂಜಿಯ ಪರವಾಗಿಯೂ ದುಡಿದಿದ್ದರೆ ಎಷ್ಟು ಅಟ್ಟಗಳು ಬರಿದಾಗುತ್ತಿದ್ದುವೋ ಎಂದು ಯೋಚಿಸುವುದುಂಟು. ದೊಡ್ಡವರ ತಪ್ಪೆಂದು ಹೇಳಲು ನಾಲಿಗೆ ತಡೆಯುತ್ತದೆ. ಆದರೂ ಅದು ತಪ್ಪೇ.

ಇಂಗ್ಲೆಂಡಿನವರೇ 1853ರಲ್ಲಿ ಎಳೆಯ ಮಕ್ಕಳ ಲಸಿಕೆಯನ್ನು ಕಡ್ಡಾಯ ಮಾಡಿ, ದಂಡ ಹಾಕಿ, ಕಡೆಗೆ ಜನರ ಪ್ರತಿಭಟನೆಗೆ ಮಣಿದು 1898ರಲ್ಲಿ ಮನಸ್ಸಾಕ್ಷಿಗೆ ಒಪ್ಪದವರಿಗೆ ವಿನಾಯಿತಿ ಕೊಟ್ಟರು. ಅಮೆರಿಕದ ಶ್ರೇಷ್ಠ ನ್ಯಾಯಾಲಯ 1905ರಲ್ಲಿ ಜೇಕಬ್ಸನ್ ಎಂಬ ಪಾದ್ರಿಯ ಮೊಕದ್ದಮೆಯಲ್ಲಿ ಕಡ್ಡಾಯವನ್ನು ಎತ್ತಿಹಿಡಿಯಿತು. ಅವನಿಗೆ ಬಿದ್ದ ದಂಡ ಐದು ಡಾಲರು. ನಮ್ಮಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ 1962ರಲ್ಲಿ ತೊಡಗಿ, 1975ರಲ್ಲಿ ಕೊನೆಯ ರೋಗಿಯನ್ನು ಕಂಡಿತು; 1980ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂಬ ಘೋಷಣೆ ಬಂದಿತು. ಆ ಕೊನೆಯ ದಿನಗಳಲ್ಲಿ ಬಿಹಾರದ ಹಳ್ಳಿಗಳಲ್ಲಿ ರಾತ್ರಿ ಬಾಗಿಲು ಮುರಿದು ಹಿಡಿದು ಚುಚ್ಚಿದ ಪ್ರಸಂಗಗಳನ್ನು ಆ ಕೆಲಸದಲ್ಲಿದ್ದವರೇ ಬರೆದಿದ್ದಾರೆ. ಗೆಲುವಿನ ಕಥೆಯಲ್ಲಿ ಆ ಬಾಗಿಲುಗಳೂ ಸೇರಬೇಕು.

ಈಗ ನಮ್ಮ ಕಾಲಕ್ಕೆ ಬರೋಣ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ರೋಗಗಳ ವಿರುದ್ಧ ಒಂದು ದೊಡ್ಡ ಅಭಿಯಾನ ನಡೆಯಿತು. ದೇಶದಲ್ಲಿ ಅದು ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ, ಬಹುಮಟ್ಟಿಗೆ ಶಾಲೆಗಳಲ್ಲಿಯೇ, ಚುಚ್ಚುಮದ್ದು. ದಡಾರದ ಒಬ್ಬ ರೋಗಿ, ತಡೆಯಿಲ್ಲದ ಜನರ ನಡುವೆ, ಹನ್ನೆರಡರಿಂದ ಹದಿನೆಂಟು ಮಂದಿಗೆ ರೋಗ ಹಚ್ಚಬಲ್ಲ. ನೂರಕ್ಕೆ ತೊಂಬತ್ತೈದು ಮಕ್ಕಳಿಗಾದರೂ ಲಸಿಕೆಯಾಗದೆ ಅದು ನಿಲ್ಲದು. ರುಬೆಲ್ಲಾ ಮಗುವಿಗೆ ಸಣ್ಣ ಜ್ವರ. ಗರ್ಭಿಣಿಗೆ ತಗಲಿದರೆ ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯಗಳಿಗೆ ಪೆಟ್ಟು. ಇಷ್ಟನ್ನು ಶಾಂತವಾಗಿ ತಿಳಿಸುವುದಕ್ಕೆ ಮೊದಲೇ ವಾಟ್ಸ್ಯಾಪಿನಲ್ಲಿ ಸುದ್ದಿ ಹಬ್ಬಿತು: ಇದರಿಂದ ಮಕ್ಕಳಿಗೆ ಮುಂದೆ ಸಂತಾನವಾಗದು ಎಂದು. ಸುಳ್ಳು, ಆದರೆ ಎಂಥ ಜಾಗಕ್ಕೆ ಗುರಿಯಿಟ್ಟ ಸುಳ್ಳು!

ಭಟ್ಕಳದ ಅನೇಕ ಮನೆಗಳಲ್ಲಿ ತಂದೆ ಕೊಲ್ಲಿಯ ದೇಶದಲ್ಲಿ, ತಾಯಿ ಊರಿನಲ್ಲಿ. ಶಾಲೆಯ ಚೀಟಿ ಬಂದ ಸಂಜೆ ಆ ತಾಯಿ ಫೋನಿಗಾಗಿ ಕಾದು ಕೂತಿರುತ್ತಾಳೆ. ಅತ್ತಲಿಂದ ಬರುವುದು ಅದೇ ಸುದ್ದಿಯ ಇನ್ನೊಂದು ಪ್ರತಿ. ಆದರೆ ಅದೇ ತಂದೆ ಹಜ್ ಯಾತ್ರೆಗೆ ಹೊರಡುವಾಗ ಮಿದುಳುಪೊರೆಯ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರವಿಲ್ಲದೆ ಹೋಗುವಂತಿಲ್ಲ. ಅದಕ್ಕೆ ಆತ ಎಂದೂ ತಕರಾರು ಮಾಡಿದವನಲ್ಲ. ಇದನ್ನು ಒಂದು ಸಮಾಜದ ಮೇಲೆ ಹೊರಿಸುವವರಿಗೆ ಕುಮಟೆಯ ಉಪಾಧ್ಯಾಯ ಮಿತ್ರರೊಬ್ಬರ ಮಾತನ್ನು ಹೇಳಬೇಕು. ಅವರ ಶಾಲೆಯಲ್ಲಿ ಆ ದಿನ ಮಗುವನ್ನು ಮನೆಯಲ್ಲಿಯೇ ಉಳಿಸಿಕೊಂಡವರ ಪೈಕಿ ಪದವೀಧರರೂ ಇದ್ದರು. ‘ಅಕ್ಷರ ಬಾರದ ಹೆಂಗಸರು ಕೇಳಿದ್ದು ಒಂದೇ ಪ್ರಶ್ನೆ: ಜ್ವರ ಬಂದರೆ ಯಾರನ್ನು ಕರೆಯಬೇಕು? ಓದಿದವರು ಹತ್ತು ಪ್ರಶ್ನೆ ಕೇಳಿದರು, ಒಂದರ ಉತ್ತರವನ್ನೂ ಕೇಳಿಸಿಕೊಳ್ಳಲಿಲ್ಲ’ ಎಂದರು.

ಸರಕಾರ ಹೇಳಿದ ಲಸಿಕೆಯೆಲ್ಲ ಅಮೃತವೆಂದು ನಂಬಬೇಕೆ? ಇಲ್ಲಿ ನಮ್ಮ ಘಟ್ಟದ ತಪ್ಪಲಿನವರು ಬಾಯಿ ತೆರೆದರೆ ತಲೆ ತಗ್ಗಿಸಬೇಕಾಗುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆ ಮುಂದೆ ಉತ್ತರ ಕನ್ನಡದ ಕಾಡಂಚಿನ ಹಳ್ಳಿಗಳಿಗೂ ಬಂದಿತು. ಸೊಪ್ಪು, ದರಕು ತರಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಹತ್ತುವ ಜ್ವರ ಅದು. ಅದಕ್ಕೊಂದು ಲಸಿಕೆಯಿತ್ತು. ಆರು ವರ್ಷದ ಮಕ್ಕಳಿಂದ ಹಿಡಿದು ಅರವತ್ತೈದರ ಮುದುಕರವರೆಗೆ, ತಿಂಗಳ ಅಂತರದಲ್ಲಿ ಎರಡು ಬಾರಿ, ಮತ್ತೆ ಕೆಲವು ತಿಂಗಳಿಗೆ ಒಂದು, ಆಮೇಲೆ ವರ್ಷವರ್ಷವೂ ಒಂದು. ನೋವು ಬಹಳ, ತೋಳು ಬಾತು ಕೂಲಿ ತಪ್ಪುತ್ತಿತ್ತು. ‘ಹಾಕಿಸಿಕೊಂಡವರಿಗೂ ಬಂದಿತಲ್ಲ’ ಎಂದು ಹಳ್ಳಿಯವರು ಗೊಣಗಿದರೆ ತಿಳಿವಳಿಕೆಯಿಲ್ಲದವರೆಂದು ಬೈಸಿಕೊಳ್ಳುತ್ತಿದ್ದರು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಬಾರಿ ಹಾಕಿಸಿಕೊಂಡವರಲ್ಲಿ ಅದರ ರಕ್ಷಣೆ ನೂರಕ್ಕೆ ಅರವತ್ತೆರಡರಷ್ಟು ಮಾತ್ರವೆಂದು ಲೆಕ್ಕ ಹಾಕಿತು. ಕಡೆಗೆ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಸರಕಾರವೇ ಅದನ್ನು ನಿಲ್ಲಿಸಿತು. ಗೊಣಗಿದವರ ಮಾತಿನಲ್ಲಿ ಅಷ್ಟು ನಿಜವಿತ್ತು. ಆ ಲಸಿಕೆಯನ್ನು ದಂಡದ ಭಯದಿಂದ ಕಡ್ಡಾಯ ಮಾಡಿದ್ದರೆ, ಮರುದಿನ ದಡಾರದ ಸೂಜಿ ಹಿಡಿದು ಅದೇ ಹಳ್ಳಿಗೆ ಹೋಗಲು ಯಾವ ನರ್ಸಿಗೆ ಮುಖವಿರುತ್ತಿತ್ತು?

1880ರ ಕಾಯಿದೆಯನ್ನು ನಮ್ಮ ಸಂಸತ್ತು 2001ರಲ್ಲಿ ರದ್ದುಪಡಿಸಿತು. ಇಂದು ಮಕ್ಕಳ ಲಸಿಕೆಯನ್ನು ದೇಶಾದ್ಯಂತ ಕಡ್ಡಾಯ ಮಾಡುವ ಕೇಂದ್ರದ ಕಾನೂನಿಲ್ಲ. ಶಾಲೆಗಳಲ್ಲಿ ದಡಾರದ ಚುಚ್ಚುಮದ್ದಿಗೆ ತಂದೆತಾಯಿಗಳ ಒಪ್ಪಿಗೆ ಬೇಕೆಂದು ದಿಲ್ಲಿಯ ಉಚ್ಚ ನ್ಯಾಯಾಲಯ 2019ರಲ್ಲಿ ಹೇಳಿತು. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಜನಾರೋಗ್ಯಕ್ಕಾಗಿ ಸರಕಾರ ಯುಕ್ತವಾದ ನಿರ್ಬಂಧಗಳನ್ನು ವಿಧಿಸಬಹುದು ಎಂದು ತೀರ್ಪಿತ್ತಿತು. ತನ್ನ ದೇಹದ ಮೇಲೆ ತನಗೇ ಅಧಿಕಾರ: ಮಾತು ಒಪ್ಪತಕ್ಕದ್ದೇ. ಆದರೆ ಅಟ್ಟದ ಮೇಲೆ ಅಡಗಿಸಲ್ಪಟ್ಟ ಹುಡುಗಿಯ ದೇಹ ಯಾರದು? ಆಕೆಯ ಪರವಾಗಿ ಬೇಡವೆಂದವನು ತಂದೆ. ಕಣ್ಣು ಕಳೆದುಕೊಂಡವಳು ಆಕೆ. ಕಡ್ಡಾಯದ ವಿರೋಧಿಗಳು ಸ್ವಾತಂತ್ರ್ಯದ ಮಾತಾಡುವಾಗ ಈ ಎರಡನೆಯವಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂಬುದು ಈ ಲೇಖಕನ ಮುಖ್ಯ ಆಕ್ಷೇಪ. ಕಡ್ಡಾಯದ ಪರವಾದವರ ಮೇಲಿನ ಆಕ್ಷೇಪವೂ ಸಣ್ಣದಲ್ಲ: ದಂಡ ಬಂದೊಡನೆ ಅಟ್ಟಗಳು ಹೆಚ್ಚುತ್ತವೆ. ಅಜ್ಜಿಯ ಕಾಲದ ದಾಕಿನವನ ಬೆನ್ನಿಗೆ ಕಾಯಿದೆಯಿತ್ತು. ಆದರೂ ಅವನ ಕೈಗೆ ಸಿಕ್ಕಿದ್ದು ಅಂಗಳದಲ್ಲಿದ್ದ ಮಗು ಮಾತ್ರ. ಆದುದರಿಂದ ದಂಡವನ್ನು ಈತ ಬೇಡನು. ಆದರೆ ತಂದೆಯ ‘ಬೇಡ’ ಎಂಬುದು ಸುಮ್ಮನೆ ಮಗುವನ್ನು ಶಾಲೆ ತಪ್ಪಿಸಿ ತೀರುವ ಮಾತಾಗಬಾರದು. ಆತ ಬಂದು, ವೈದ್ಯರ ಎದುರು ಕೂತು, ಕೇಳಿ, ತನ್ನ ಹೆಸರು ಬರೆದು ಹೇಳಲಿ. ಲಸಿಕೆಯಿಂದ ಕೇಡಾದ ಅಪರೂಪದ ಮಗುವಿನ ಜವಾಬ್ದಾರಿಯನ್ನು ಸರಕಾರವೂ ಅಷ್ಟೇ ನಿಚ್ಚಳವಾಗಿ ತನ್ನ ಹೆಸರಿನಲ್ಲಿ ಬರೆದುಕೊಳ್ಳಲಿ.

ಹೋದ ಮಳೆಗಾಲದಲ್ಲಿ ಒಂದು ಗುರುವಾರ ಹೊನ್ನಾವರದ ಹತ್ತಿರದ ಒಂದು ಅಂಗನವಾಡಿಯ ಜಗಲಿಯಲ್ಲಿ ಮಳೆ ನಿಲ್ಲಲೆಂದು ಕಾದಿದ್ದೆ. ಗುರುವಾರ ಚುಚ್ಚುಮದ್ದಿನ ದಿನ. ಕೊಡೆಯೊಳಗೆ ಕೂಸುಗಳನ್ನು ಅವುಚಿಕೊಂಡು ಏಳೆಂಟು ಮಂದಿ ತಾಯಂದಿರು ಬಂದಿದ್ದರು. ಒಬ್ಬಾಕೆ ಬಂದಿರಲಿಲ್ಲ. ನರ್ಸಮ್ಮ ಪುಸ್ತಕ ನೋಡಿ, ತಂಪುಪೆಟ್ಟಿಗೆಯನ್ನು ಮುಚ್ಚಿ, ಆಶಾ ಕಾರ್ಯಕರ್ತೆಯನ್ನು ಕರೆದು ‘ಹೋದ ತಿಂಗಳು ಮಗೂಗೆ ಜ್ವರ ಬಂದಿತ್ತಂತಲ್ಲ, ಅದಕ್ಕೇ ಹೆದರಿರಬೇಕು. ನಾವೇ ಹೋಗಿಬರೋಣ. ಮೊದಲು ಆ ಮಗು ಹೇಗಿದೆ ಕೇಳೋಣ’ ಎಂದರು. ಇಬ್ಬರೂ ಒಂದೇ ಕೊಡೆಯಲ್ಲಿ, ಗದ್ದೆಯ ಬದುವಿನ ಮೇಲೆ, ಪೆಟ್ಟಿಗೆಯನ್ನು ಕೈಯಿಂದ ಕೈಗೆ ಬದಲಿಸುತ್ತ ನಡೆದುಹೋದರು.