ಸೊಸೆಯ ಕೈಯಲ್ಲಿರುವ ಕಾದಂಬರಿ

ಇಲವಾಲದ ನಮ್ಮ ಹಳೆಯ ಚಂದಾದಾರರೊಬ್ಬರು ಬರೆದ ಕಾಗದವು ಮೂರು ದಿನಗಳಿಂದ ನಮ್ಮ ಮೇಜಿನ ಮೇಲಿದೆ. ಅವರ ಮಗನು ತೀರಿಕೊಂಡು ಎರಡು ವರ್ಷಗಳಾದುವು. ಸೊಸೆಗೆ ಇನ್ನೂ ಮೂವತ್ತು ತುಂಬಿಲ್ಲ. ನಾಲ್ಕು ವರ್ಷದ ಗಂಡುಮಗುವಿದೆ. ಮೈಸೂರಿನ ಯೋಗ್ಯರೊಬ್ಬರು ಆಕೆಯನ್ನು ವರಿಸಲು ಮುಂದೆ ಬಂದಿದ್ದಾರೆ; ಆಕೆಗೂ ಮನಸ್ಸಿದೆ. ಈ ನಡುವೆ ಆಕೆ ‘ವಂಶವೃಕ್ಷ’ವನ್ನು ತಂದು ಓದತೊಡಗಿದ್ದಾಳಂತೆ. ಅದನ್ನು ಆಕೆಯ ಕೈಯಿಂದ ತಪ್ಪಿಸಬೇಕೇ, ಬಿಡಬೇಕೇ ಎಂಬುದು ಮಾವನವರ ಪ್ರಶ್ನೆ.

ಅವರ ಅಂಜಿಕೆ ನಿಷ್ಕಾರಣವಾದುದಲ್ಲ. 1965ರಲ್ಲಿ ಪ್ರಕಟವಾದ ಭೈರಪ್ಪನವರ ಆ ಕೃತಿಯು ನಮ್ಮ ನೆರೆಯ ನಂಜನಗೂಡಿನ ಕಥೆ. ಕಪಿಲೆಯ ಪ್ರವಾಹದಲ್ಲಿ ಗಂಡನನ್ನು ಕಳೆದುಕೊಂಡ ಕಾತ್ಯಾಯನಿಯು ಮೈಸೂರಿಗೆ ಓದಲು ಹೋಗಿ, ಅಲ್ಲಿ ರಾಜನೆಂಬಾತನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಆದರೆ ಆಮೇಲೆ ಆಕೆಗೆ ಸುಖವಿಲ್ಲ. ಗರ್ಭಗಳು ನಿಲ್ಲುವುದಿಲ್ಲ, ಕೊರಗಿ ಕೊರಗಿ ಸಾಯುತ್ತಾಳೆ. ಪುನರ್ವಿವಾಹದ ಹೊಸ್ತಿಲಲ್ಲಿ ನಿಂತಿರುವ ಹೆಂಗಸು ಇದನ್ನು ಓದಿದರೆ ಎದೆಗುಂದದೆ ಇದ್ದಾಳೆಯೇ?

ಕನ್ನಡ ಕಾದಂಬರಿಯು ಹುಟ್ಟಿದಾಗ ಹೀಗೆ ಅಂಜಿರಲಿಲ್ಲವೆಂಬುದನ್ನು ವಾಚಕರು ನೆನೆಯಬೇಕು. ನಮ್ಮ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾದುದು 1899ರಲ್ಲಿ. ಗ್ರಂಥಕರ್ತರು ಪೊಲೀಸು ಇಲಾಖೆಯಲ್ಲಿದ್ದವರು. ಕಪಟಸನ್ಯಾಸಿಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲವೆಂಬುದು ಪುಟಪುಟದಲ್ಲಿಯೂ ತಿಳಿಯುತ್ತದೆ. ಕಮಲಪುರವೆಂಬ ಊರಿನ ಬಾಲವಿಧವೆ ಇಂದಿರೆಯು ಹೆತ್ತವರ ಮನೆಯಿಂದ ತಪ್ಪಿಸಿಕೊಂಡು, ಅಮೃತರಾಯರ ಆಶ್ರಯದಲ್ಲಿ ವಿದ್ಯೆ ಕಲಿತು, ಭಾಸ್ಕರನ ಕೈಹಿಡಿಯುತ್ತಾಳೆ. ಯಾವ ಶಾಪವೂ ಆಕೆಯನ್ನು ತಟ್ಟುವುದಿಲ್ಲ. ಉಪದೇಶವು ಕೊಂಚ ಅತಿಯಾಯಿತೆಂದು ಒಪ್ಪಿಕೊಳ್ಳುತ್ತೇವೆ. ಆದರೂ ಅರುವತ್ತಾರು ವರ್ಷಗಳ ಮೊದಲೇ ಇಂದಿರೆಗೆ ದೊರೆತ ನೆಮ್ಮದಿ ಕಾತ್ಯಾಯನಿಗೆ ಏಕೆ ದೊರೆಯಲಿಲ್ಲ?

ಭೈರಪ್ಪನವರು ಆಕೆಯನ್ನು ವೃಥಾ ದಂಡಿಸಿದರೆಂದು ಹಲವರು ಆಕ್ಷೇಪಿಸಿರುವುದುಂಟು. ನಮಗೂ ಮೊದಲ ಓದಿನಲ್ಲಿ ಹಾಗೆಯೇ ತೋರಿತ್ತು. ಮತ್ತೊಮ್ಮೆ ಓದಿದಾಗ ಕಣ್ಣಿಗೆ ಬಿದ್ದುದು ಬೇರೆ. ಇಂದಿರೆಗೆ ಮಗುವಿಲ್ಲ, ಕಾತ್ಯಾಯನಿಗೆ ಚೀನಿಯಿದ್ದಾನೆ. ಮಗನನ್ನು ಕರೆದೊಯ್ಯಲು ಬಂದ ಆಕೆಗೆ ಮಾವ ಶ್ರೀನಿವಾಸ ಶ್ರೋತ್ರಿಗಳು ಅಡ್ಡಿಮಾಡುವುದಿಲ್ಲ. ನಿರ್ಧಾರವನ್ನು ಆಕೆಯ ಅಂತಃಕರಣಕ್ಕೆ ಬಿಡುತ್ತಾರೆ, ಆಕೆ ಬರಿಗೈಯಲ್ಲಿ ಹಿಂತಿರುಗುತ್ತಾಳೆ. ತಡೆಯುವವರೊಡನೆ ಹೋರಾಡಬಹುದು, ಇಂತಹ ಸೌಜನ್ಯದೊಡನೆ ಹೇಗೆ ಹೋರಾಡುವುದು? ಆಕೆಯನ್ನು ತಿಂದುದು ಎರಡನೆಯ ಮದುವೆಯಲ್ಲ, ಬಿಟ್ಟುಬಂದ ಮಗು. ಯಾವ ವಂಶಕ್ಕಾಗಿ ಆ ಹುಡುಗನು ಉಳಿದನೋ ಆ ವಂಶದ ರಕ್ತವೇ ತಮ್ಮದಲ್ಲವೆಂದು ಶ್ರೋತ್ರಿಗಳಿಗೆ ಕಡೆಯಲ್ಲಿ ಗೊತ್ತಾಗುತ್ತದೆ.

ಕಾಯಿದೆಯೂ ಈ ಹಾದಿಯಲ್ಲಿಯೇ ನಡೆದು ಬಂದಿತು. ವಿಧವೆಯ ಪುನರ್ವಿವಾಹವನ್ನು ಕ್ರಮಬದ್ಧಗೊಳಿಸಿದ 1856ರ ಶಾಸನವೇ, ಆಕೆ ಮರುಮದುವೆಯಾದಲ್ಲಿ ಮಗುವಿಗೆ ಬೇರೆ ಪೋಷಕರನ್ನು ನೇಮಿಸಬೇಕೆಂದು ಗಂಡನ ಕಡೆಯವರು ನ್ಯಾಯಾಲಯವನ್ನು ಕೇಳಲು ಎಡೆಗೊಟ್ಟಿತ್ತು. ಸ್ವಾತಂತ್ರ್ಯಾನಂತರ, 1956ರ ಶಾಸನವು ತಂದೆಯ ತರುವಾಯ ತಾಯಿಯೇ ಸಹಜ ಪೋಷಕಳೆಂದಿತು. ‘ವಂಶವೃಕ್ಷ’ ಬಂದುದು ಅದಾದ ಒಂಬತ್ತು ವರ್ಷಗಳಿಗೆ. ಮನೆಗಳಲ್ಲಿ ಮಾತ್ರ ಹಳೆಯ ಶಾಸನವೇ ನಡೆಯುತ್ತಿತ್ತು.

ನಮ್ಮ ಮಿತ್ರರ ಕಾಗದದ ಕೊನೆಯಲ್ಲಿ, ಸಹಿಯ ಕೆಳಗೆ, ಒಂದು ಸಾಲಿದೆ: ಮೊಮ್ಮಗನು ಮಾತ್ರ ತಮ್ಮ ಮನೆಯಲ್ಲಿಯೇ ಬೆಳೆಯುವನೆಂದು. ಸೊಸೆಯನ್ನು ಕೇಳಿದರೋ ಇಲ್ಲವೋ ಬರೆದಿಲ್ಲ. ಪುಸ್ತಕವನ್ನು ಆಕೆಯಿಂದ ಕಸಿಯಬೇಡಿರಿ, ಸ್ವಾಮಿ. ಆಕೆ ಮುಗಿಸಿದ ಮೇಲೆ ತಾವೂ ಓದಿರಿ, ‘ಇಂದಿರಾಬಾಯಿ’ಯನ್ನೂ ಮನೆಗೆ ತನ್ನಿರಿ. ಮಗುವು ತಾಯಿಯೊಡನೆ ಹೋಗಲಿ. ಇಲವಾಲದಿಂದ ಮೈಸೂರಿಗೆ ಹುಣಸೂರು ರಸ್ತೆಯಲ್ಲಿ ಬಸ್ಸುಗಳಿಗೆ ಬರವಿಲ್ಲ. ಬೆಳಗಿನ ಕಾಫಿ ಕುಡಿದು ಹೊರಟರೆ ಮೊಮ್ಮಗನನ್ನು ಕಂಡು ಊಟದ ಹೊತ್ತಿಗೆ ಮನೆ ಸೇರಬಹುದು.